ಹೊಸತು ಹಿಂದಕ್ಕೆ

ಬೆಳಗ್ಗೆ ಆರೂವರೆಗೆ, ಕೂಳೂರು ಸೇತುವೆ ಇಳಿಯುವಲ್ಲಿ
ಕಾರಿನ ಬೆನ್ನು ನನ್ನ ಮಾತು ಕೇಳಲಿಲ್ಲ.
ಮುಂದಿನ ಚಕ್ರ ನಾನು ತಿರುಗಿಸಿದ ಕಡೆ ತಿರುಗಿತು;
ಹಿಂದಿನದು ಅದರಷ್ಟಕ್ಕೆ ನೀರಿನ ಮೇಲೆ ಜಾರಿ,
ಲ್ಯಾಬಿಗೆ ಹೊರಟವಳನ್ನು
ಮತ್ತೆ ಪಣಂಬೂರಿಗೆ ಮುಖ ಮಾಡಿ ನಿಲ್ಲಿಸಿತು.
ಎದುರಿನ ಗ್ಯಾಸ್ ಟ್ಯಾಂಕರು ಬಹಳ ದೂರದಲ್ಲಿತ್ತು.
ಇಷ್ಟನ್ನು ಬರೆಯಲು ಅದೊಂದೇ ಕಾರಣ.
ಡಬ್ಬಿಯೊಳಗೆ ಆರು ಮಂದಿಯ ಖಾಲಿಹೊಟ್ಟೆಯ ರಕ್ತ
ಕೊಳವೆಗಳಲ್ಲಿ ಅಲುಗಿ ಸುಮ್ಮನಾಯಿತು.

ಕೊಟ್ಟಾರ ಚೌಕಿಯ ಪುತ್ತುಬಾವರು ಟಯರು ನೋಡುವುದು ಅಂಗೈಯಲ್ಲಿ,
ನಾನು ನರ ಹುಡುಕುವ ಹಾಗೆ, ಕಣ್ಣು ಬೇರೆಲ್ಲೋ ಇಟ್ಟು.
"ಇದು ಎಲ್ಲಿಂದ, ಪ್ರಫುಲ್ಲಕ್ಕ?"
ಪಡುಬಿದ್ರೆಯಲ್ಲಿ ರಾತ್ರಿ ಒಡೆದಾಗ, ಸಿಕ್ಕಿದ್ದು.
"ಇದು?" ಅರ್ಧ ರೇಟಿಗೆ.
"ಹಿಂದಿನದ್ದು?" ಭಾವನ ಹಳೆ ಕಾರಿನದ್ದು, ಬಿಸಾಡುವುದು ಯಾಕೆ ಅಂತ.
ನಾಲ್ಕನೆಯದನ್ನು ಕೇಳಲಿಲ್ಲ. ಉಗುರಿನಿಂದ ಮಣ್ಣು ಕೆರೆದು
ಪಕ್ಕೆಯ ಅಂಕೆ ತೋರಿಸಿದರು:
ಹದಿನಾಲ್ಕನೇ ಇಸವಿಯ ಮೂವತ್ತೆರಡನೇ ವಾರ.
ನನ್ನ ಒಂದೊಂದು ಕೊಳವೆಗೂ ತಾರೀಕಿನ ಚೀಟಿ ಉಂಟು.
ಇಲ್ಲೂ ಓದಲಿಕ್ಕೆ ಉಂಟೆಂದು ಯಾರೂ ಹೇಳಿರಲಿಲ್ಲ.

"ಇದ್ದುದರಲ್ಲಿ ಒಳ್ಳೆಯದು ಎರಡು ಮುಂದೆ, ಬೋಳು ಹಿಂದೆ.
ಮುಂದಿನದ್ದು ನೀರು ಸೀಳ್ತದೆ, ಹಿಂದಿನದ್ದು ತೇಲ್ತದೆ.
ಸಾಲದ್ದಕ್ಕೆ ಒಂದೇ ಆಕ್ಸಿಲಿಗೆ ಎರಡು ಜಾತಿ.
ಒಂದು ಹಿಡಿಯುವಾಗ ಇನ್ನೊಂದು ಬಿಡ್ತದೆ,
ಕಾರು ಎಂತ ಮಾಡ್ಲಿಕ್ಕುಂಟು ಪಾಪ? ಎಡಕ್ಕೆ ಎಳೀತಿತ್ತಲ್ಲ?"
ಎಳೆಯುತ್ತಿತ್ತು. ಎರಡು ವರ್ಷದಿಂದ.
ರಸ್ತೆಯೇ ಹಾಗೆ ಅಂದುಕೊಂಡಿದ್ದೆ.

ಬೈಕಿಗೆ ಗಾಳಿ ಹಾಕಿಸಲು ಬಂದಿದ್ದ ಹುಡುಗ
ಮೊಬೈಲಿನಿಂದ ತಲೆಯೆತ್ತಿ ನಕ್ಕ:
"ಅದೇ ನಾವೂ ಹೇಳುವುದು. ಬೆರೆಸಿದರೆ ಹೀಗೇ."
ಸಿರಿಲನ ಪಂಪು ನಿಂತಿತು.
ಈ ಊರಲ್ಲಿ ಇಂಥ ಮಾತಿಗೆ ಎರಡನೇ ಅರ್ಥ ಹುಡುಕಬೇಕಾಗಿಲ್ಲ,
ಅದೇ ಮೊದಲು ಬಂದು ಕೂತಿರುತ್ತದೆ.

ಪುತ್ತುಬಾವರು ಜಾಕಿನಿಂದ ಮುಖ ತಿರುಗಿಸಲಿಲ್ಲ.
"ನಾನು ಹೇಳಿದ್ದು ರಬ್ಬರಿನ ಮಾತು, ಮಾರಾಯ.
ನಿನ್ನ ಹಿಂದಿನದ್ದೂ ಬೋಳಾಗಿದೆ, ನೋಡಿಕೋ."

ನಾನೂ ಏನಾದರೂ ಅನ್ನಬಹುದಿತ್ತು, ರಕ್ತದ ಬಗ್ಗೆಯೇ:
ಗುಂಪು ತಪ್ಪಿದರೆ ಜೀವ ಹೋಗುವುದು ನಿಜ,
ಆದರೆ ಯಾವ ಗುಂಪು ಯಾವ ಮನೆಯಲ್ಲೆಂದು
ಇಪ್ಪತ್ತಾರು ವರ್ಷ ಸೂಜಿ ಹಿಡಿದೂ
ಬಾಗಿಲಲ್ಲಿ ನಿಂತು ಹೇಳಲು ನನಗೆ ಬರುವುದಿಲ್ಲ ಅಂತ.
ಅನ್ನಲಿಲ್ಲ. ಮನೆಗೆ ಬಂದ ಮೇಲೆ ಎಲ್ಲರಿಗೂ ಮಾತು ಬರುತ್ತದೆ.
ಹುಡುಗ ಸ್ಟೂಲಿನ ಮೇಲೆ ಹತ್ತು ರೂಪಾಯಿ ಇಟ್ಟು ಹೋದ.

ಹೊಸತು ಎರಡಕ್ಕಷ್ಟೇ ನನ್ನಲ್ಲಿ ದುಡ್ಡು.
"ಹೊಸತು ಹಿಂದಕ್ಕೆ," ಅಂದರು. ನನಗೆ ನಂಬಿಕೆ ಬರಲಿಲ್ಲ.
"ಮುಂದೆ ಜಾರಿದರೆ ಸ್ಟಿಯರಿಂಗು ಹೇಳ್ತದೆ, ಹಗುರ ಆಗ್ತದೆ.
ಹಿಂದೆ ಜಾರಿದ್ದು ಗೊತ್ತಾಗುವಾಗ
ನೀವು ಬಂದ ದಾರಿಯನ್ನೇ ನೋಡ್ತಾ ಇರ್ತೀರಿ."
ಮತ್ತೆ ಮೂಲೆಯ ರಾಶಿಯಲ್ಲಿ ಅರ್ಧ ಗಂಟೆ ಹುಡುಕಿ
ಪಡುಬಿದ್ರೆಯದಕ್ಕೆ ಒಂದು ಜೋಡಿ ತೆಗೆದರು,
ಅದೇ ಕಂಪನಿ, ಅದೇ ಅಳತೆ, ಹೆಚ್ಚುಕಡಿಮೆ ಅಷ್ಟೇ ಸವೆದದ್ದು.
ಅದಕ್ಕೆ ಮುನ್ನೂರು ಮಾತ್ರ ಕೇಳಿದರು.

ಕಳಚಿದ ಮೂರನ್ನು ಸಿರಿಲ ಹೊರಗೆ ಉರುಳಿಸಿದ.
ಇವು ಎಲ್ಲಿಗೆ?
"ದಕ್ಕೆಗೆ. ಬೋಟಿನ ಪಕ್ಕೆಗೆ ಕಟ್ತಾರೆ.
ಅಲ್ಲಿ ಯಾವುದಾದರೂ ಆಯ್ತು,
ಒಟ್ಟಿಗೆ ನೇತಾಡಿಕೊಂಡು ಪೆಟ್ಟು ತಿಂತಾ ಇರ್ತವೆ,
ಬೋಟಿಗೆ ಬೋಟು ತಾಗದ ಹಾಗೆ."

ಮರುದಿನ ಮಳೆಯಲ್ಲೂ ಕಾರು ನೆಟ್ಟಗೆ ಓಡಿತು.
ನಾನು ಓಡಲಿಲ್ಲ.
ಎರಡು ವರ್ಷ ಎಡದ ಎಳೆತಕ್ಕೆ ಬಲಕ್ಕೆ ವಾಲಿದ ಕೈ
ಸೇತುವೆಯ ಮೇಲೆ ಇನ್ನೂ ಬಲಕ್ಕೇ ತಿರುಗುತ್ತಿತ್ತು,
ಇಲ್ಲದ ತಪ್ಪನ್ನು ತಿದ್ದುತ್ತ,
ಡಿವೈಡರಿನ ಹತ್ತಿರ ಹತ್ತಿರಕ್ಕೆ.